ಗಾಜಿನ ಒಡವೆಗೂ ಪರಿಮಾಣವುಂಟೆ?

ಪರಿಗ್ರಹಪರಿಮಾಣ ವ್ರತವನ್ನು ಸ್ವೀಕರಿಸುವ ಗೃಹಸ್ಥನು ತನ್ನಲ್ಲಿರುವ ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ ಮುಂತಾದವುಗಳಿಗೆ ಒಂದು ಮೇರೆಯನ್ನು ಗೊತ್ತುಮಾಡಿಕೊಳ್ಳುತ್ತಾನೆ. ಇಷ್ಟು ಎಕರೆ ಭೂಮಿ, ಇಷ್ಟು ತೊಲೆ ಬಂಗಾರ ಎಂದು ಬಾಯಿಬಿಟ್ಟು ನುಡಿದು, ಗುರುಸಾಕ್ಷಿಯಾಗಿ ನೇಮ ಹಿಡಿಯುತ್ತಾನೆ. ಆದರೆ ಬಂಗಾರದಂತೆ ಹೊಳೆಯುವ, ಬಂಗಾರವಲ್ಲದ ಒಡವೆಯನ್ನು ಈ ಲೆಕ್ಕದೊಳಗೆ ಹಿಡಿಯಬೇಕೆ, ಬಿಡಬೇಕೆ ಎಂಬ ಸಂದೇಹವು ಸಾಮಾನ್ಯವಾಗಿ ಯಾರ ಮನಸ್ಸಿನಲ್ಲಿಯೂ ಹುಟ್ಟುವುದಿಲ್ಲ. ಗಿಲೀಟಿನ ಸರಕ್ಕೆ ಲೆಕ್ಕವೇನು, ಗಾಜಿನ ಮಣಿಗೆ ಲೆಕ್ಕವೇನು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಬೆಳಗಾವಿ ಜಿಲ್ಲೆಯ ಶ್ರಾವಿಕೆಯೊಬ್ಬರಿಗೆ ಈ ಸಂದೇಹವು ಹುಟ್ಟಿದ್ದು ತಮ್ಮ ಊರಿನಲ್ಲಲ್ಲ, ಬಸದಿಯಲ್ಲಿಯೂ ಅಲ್ಲ. ಸಾವಿರಾರು ಮೈಲಿ ದೂರದ ಪರದೇಶದ ಒಂದು ವಸ್ತುಸಂಗ್ರಹಾಲಯದಲ್ಲಿ.

ಅರವತ್ತನ್ನು ದಾಟಿದ ಆ ತಾಯಿಯವರು ಹತ್ತು ವರ್ಷಗಳ ಹಿಂದೆ, ಊರಿನಲ್ಲಿ ಮುನಿಗಳ ಚಾತುರ್ಮಾಸವು ನಡೆದಾಗ, ತಮ್ಮ ಬಂಗಾರಕ್ಕೆ 12 ತೊಲೆಯ ಮೇರೆಯನ್ನು ಹಾಕಿಕೊಂಡವರು. ಮಿಕ್ಕುದನ್ನು ಹೆಣ್ಣುಮಕ್ಕಳಿಗೆ ಹಂಚಿ, ಸ್ವಲ್ಪವನ್ನು ಬಸದಿಯ ಜೀರ್ಣೋದ್ಧಾರಕ್ಕೆ ಕೊಟ್ಟು, ಅಂದಿನಿಂದ ಆ ಗೆರೆಯನ್ನು ದಾಟಿದವರಲ್ಲ. ಕಿರಿಯ ಮಗಳೂ ಅಳಿಯನೂ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಉದ್ಯೋಗಸ್ಥರಾಗಿರುವುದರಿಂದ ಒಂದು ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದರು. ಅಲ್ಲಿಂದ ಗಡಿಯನ್ನು ದಾಟಿ ಕೆಲವು ಗಂಟೆಗಳ ಪ್ರಯಾಣ ಮಾಡಿದರೆ ಚೆಕ್ ದೇಶದ ಯಾಬ್ಲೊನೆಟ್ಸ್ ಎಂಬ ಊರು ಸಿಗುತ್ತದೆ. ಆ ಊರಿನಲ್ಲಿ ಗಾಜು ಮತ್ತು ಕೃತಕ ಒಡವೆಗಳ ವಸ್ತುಸಂಗ್ರಹಾಲಯವಿದೆ. ಚಿನ್ನವಲ್ಲದ ಚಿನ್ನ, ರತ್ನವಲ್ಲದ ರತ್ನ, ಮುತ್ತಲ್ಲದ ಮುತ್ತು ಇವನ್ನೇ ಆದರದಿಂದ ಕೂಡಿಟ್ಟು, ಕಾಲಕ್ರಮದಿಂದ ಜೋಡಿಸಿ ತೋರಿಸುವ ಸ್ಥಳವದು. ಮಗಳು ತಾಯಿಯನ್ನು ಅಲ್ಲಿಗೆ ಕರೆದೊಯ್ದಳು.

ಈ ಊರಿನ ಕಥೆಯು ವಾಚಕರು ತಿಳಿಯತಕ್ಕದ್ದೇ ಆಗಿದೆ. ಯಿಜೆರಾ ಬೆಟ್ಟಗಳ ತಪ್ಪಲಿನಲ್ಲಿರುವ ಇದನ್ನು ಜರ್ಮನ್ ಭಾಷೆಯಲ್ಲಿ ಗಾಬ್ಲೊಂಟ್ಸ್ ಎಂದು ಕರೆಯುತ್ತಿದ್ದರು. ಸುತ್ತಲಿನ ಕಾಡಿನ ಸೌದೆಯಿಂದ ಗಾಜಿನ ಕುಲುಮೆಗಳು ನಡೆಯುತ್ತಿದ್ದವು. ಬೆಟ್ಟದ ಹಳ್ಳಿಗಳ ಬಡ ಕುಟುಂಬಗಳು ಗಾಜಿನ ಕಡ್ಡಿಯನ್ನು ಉರಿಯಲ್ಲಿ ಮೆತ್ತಗಾಗಿಸಿ, ಇಕ್ಕಳದಂತಹ ಅಚ್ಚಿನಲ್ಲಿ ಒತ್ತಿ ಮಣಿಯನ್ನೂ ಹರಳನ್ನೂ ಮಾಡುತ್ತಿದ್ದವು. ಒಬ್ಬರು ಒತ್ತಿದರೆ ಒಬ್ಬರು ಮಸೆಯುವರು, ಮತ್ತೊಬ್ಬರು ದಾರದಲ್ಲಿ ಪೋಣಿಸುವರು. ವರ್ತಕರು ಅವನ್ನು ಕೊಂಡು ಪ್ರಪಂಚದ ನಾನಾ ದಿಕ್ಕುಗಳಿಗೆ ಕಳುಹಿಸುವರು. 1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಗುವವರೆಗೆ ಭಾರತಕ್ಕೆ ಹೊರಗಿನಿಂದ ಬರುತ್ತಿದ್ದ ಗಾಜಿನ ಬಳೆಗಳಲ್ಲಿ ಬಹುಪಾಲು ಆಸ್ಟ್ರಿಯಾ-ಹಂಗೇರಿಯಿಂದಲೇ ಬರುತ್ತಿತ್ತು. ಅದರಲ್ಲಿಯೂ ಮುಖ್ಯವಾಗಿ ಈ ಬೊಹೆಮಿಯಾ ಪ್ರಾಂತದಿಂದ. ಯುದ್ಧದಿಂದ ಆ ಮಾರ್ಗವು ಮುಚ್ಚಿದ ಮೇಲೆಯೇ ಜಪಾನಿನ ಬಳೆಗಳು ಬಂದವು, ನಮ್ಮ ಫಿರೋಜಾಬಾದಿನ ಕುಲುಮೆಗಳೂ ವೃದ್ಧಿಗೊಂಡವು. ಬಳೆಗಾರನು ಮಲಾರವನ್ನು ಹೊತ್ತು ಹಳ್ಳಿಹಳ್ಳಿಗೆ ತಿರುಗಿ, ನಮ್ಮ ಮುತ್ತಜ್ಜಿಯರ ಕೈಗಳಿಗೆ ತೊಡಿಸಿದ ಬಳೆಗಳಲ್ಲಿ ಎಷ್ಟೋ ಈ ಚಳಿನಾಡಿನ ಗುಡಿಸಲುಗಳಲ್ಲಿ ಹುಟ್ಟಿದವು ಎಂಬುದನ್ನು ಬಲ್ಲವರು ವಿರಳ. ಆ ತಾಯಿಯವರು ಇದನ್ನು ಮಗಳ ಬಾಯಿಂದ ಕೇಳಿ, ತಮ್ಮ ಕೈಯಲ್ಲಿದ್ದ ಹಸಿರು ಬಳೆಗಳನ್ನು ಒಮ್ಮೆ ನೋಡಿಕೊಂಡರಂತೆ.

ಕೃತಕ ರತ್ನದ ಇತಿಹಾಸವು ರಾಜರ ಅರಮನೆಯಿಂದಲೇ ಆರಂಭವಾಗುತ್ತದೆ ಎಂಬುದು ವಿಚಿತ್ರ. ಸ್ಟ್ರಾಸ್ ಎಂಬ ಅಕ್ಕಸಾಲೆಯು 18ನೆಯ ಶತಮಾನದಲ್ಲಿ ಪ್ಯಾರಿಸ್ ನಗರದಲ್ಲಿ ಸೀಸ ಬೆರೆಸಿದ ಗಾಜಿನಿಂದ ವಜ್ರದಂತೆ ಮಿನುಗುವ ಹರಳುಗಳನ್ನು ಮಾಡಿದನು. 1734ರಲ್ಲಿ ಅವನಿಗೆ ರಾಜಮನ್ನಣೆಯೂ ದೊರೆಯಿತು. ವಜ್ರವನ್ನು ಕೊಳ್ಳಲಾರದವರು ಮಾತ್ರ ಅವನ್ನು ಧರಿಸಿದರೆಂದು ತಿಳಿಯಬಾರದು, ವಜ್ರವುಳ್ಳವರೂ ಧರಿಸಿದರು. ಯಾಬ್ಲೊನೆಟ್ಸಿನ ನೆರೆಯ ಹಳ್ಳಿಯೊಂದರಲ್ಲಿ 1862ರಲ್ಲಿ ಹುಟ್ಟಿದ ಡೇನಿಯಲ್ ಸ್ವರೋವ್‌ಸ್ಕಿಯು ಹರಳುಗಳನ್ನು ಯಂತ್ರದಿಂದ ಸಾಣೆಹಿಡಿಯುವ ವಿಧಾನಕ್ಕೆ 1892ರಲ್ಲಿ ಹಕ್ಕುಪತ್ರವನ್ನು ಪಡೆದು, 1895ರಲ್ಲಿ ಆಸ್ಟ್ರಿಯಾದ ಬೆಟ್ಟನಾಡಿನಲ್ಲಿ ನೀರಿನ ಶಕ್ತಿಯಿಂದ ಕಾರ್ಖಾನೆಯನ್ನು ನಡೆಸಿದನು. ಅಲ್ಲಿಗೆ ರತ್ನವು ರಾಶಿಯ ವಸ್ತುವಾಯಿತು. 1861ರಲ್ಲಿ ಗಂಡನನ್ನು ಕಳೆದುಕೊಂಡ ವಿಕ್ಟೋರಿಯಾ ರಾಣಿಯ ಸೂತಕದ ಕಾಲದಲ್ಲಿ ಇಂಗ್ಲೆಂಡಿನ ಸಿರಿವಂತ ಸ್ತ್ರೀಯರು ಜೆಟ್ ಎಂಬ ಕರಿಯ ಕಲ್ಲನ್ನು ಧರಿಸುತ್ತಿದ್ದರು. ಅದನ್ನು ಕೊಳ್ಳಲಾರದವರಿಗೆ ಕರಿಯ ಗಾಜಿನ ಒಡವೆಗಳು ಒದಗಿದವು. ದುಃಖಕ್ಕೂ ನಕಲಿ ಒಡವೆ! ಮನುಷ್ಯನ ಮನಸ್ಸಿನ ಆಳವನ್ನು ಕಂಡವರಿಗೆ ಇದು ನಗೆಯ ವಿಷಯವಲ್ಲ.

ಇಲ್ಲಿ ಮೊದಲು ಎದ್ದೇಳುವ ಪ್ರಶ್ನೆಯು ಸತ್ಯದ್ದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂಬುದು ಒಂದು. ಶುದ್ಧವಾದ ವಸ್ತುವೆಂದು ಹೇಳಿ ಅದರಂತೆ ಕಾಣುವ ಕೃತಕ ವಸ್ತುವನ್ನು ಮಾರುವುದೇ ಅದು. ಹಾಗಾದರೆ ಈ ಸಂಗ್ರಹಾಲಯವೆಲ್ಲ ಒಂದು ದೊಡ್ಡ ಅತಿಚಾರದ ಭಂಡಾರವೆ? ಹಾಗೆನ್ನುವಂತಿಲ್ಲ. ಅಲ್ಲಿ ಒಂದೊಂದು ಒಡವೆಯ ಪಕ್ಕದಲ್ಲಿಯೂ ಇದು ಗಾಜು, ಇದು ಹಿತ್ತಾಳೆ ಎಂದು ಬರೆದಿರುತ್ತದೆ. ತನ್ನನ್ನು ತಾನೇ ಒಪ್ಪಿಕೊಂಡು ನಿಂತ ಸುಳ್ಳು ಸುಳ್ಳಲ್ಲ. ಗಾಜೆಂದು ಹೇಳಿ ಮಾರಿದವನ ವ್ರತಕ್ಕೆ ಊನವಿಲ್ಲ. ಆದರೆ ಗಾಜೆಂದು ತಿಳಿದು ಕೊಂಡವಳು ಮದುವೆಯ ಮನೆಗೆ ಹೋಗಿ, ಬಂಧುಗಳು ಅದನ್ನು ಬಂಗಾರವೆಂದು ಭಾವಿಸಲಿ ಎಂದು ಸೆರಗನ್ನು ಸ್ವಲ್ಪ ಸರಿಸಿಕೊಂಡು ಕುಳಿತರೆ? ಅವಳು ಯಾರ ಹಣವನ್ನೂ ತೆಗೆದುಕೊಂಡಿಲ್ಲ, ಒಂದು ಮಾತನ್ನೂ ಆಡಿಲ್ಲ. ಆದರೂ ತನಗೆ ಸಲ್ಲದ ಮರ್ಯಾದೆಯನ್ನು ಪಡೆದುಕೊಂಡಿದ್ದಾಳೆ. ಇದು ಚೌರ್ಯದ ಯಾವ ಮೂಲೆಗೆ ಸೇರುತ್ತದೆ ಎಂಬುದನ್ನು ಅವರವರ ಅಂತರಂಗವೇ ಹೇಳಬೇಕು. ಪ್ಯಾರಿಸಿನ ಶನೆಲ್ ಎಂಬಾಕೆಯು 1920ರ ದಶಕದಲ್ಲಿ ಅಸಲಿಯನ್ನೂ ನಕಲಿಯನ್ನೂ ಬೆರೆಸಿ, ನಕಲಿಯೆಂದು ಬಹಿರಂಗವಾಗಿಯೇ ಧರಿಸುವ ಪದ್ಧತಿಯನ್ನು ಬಳಕೆಗೆ ತಂದಳು. ಅವಳದು ಅಲಂಕಾರದ ಮೋಹ, ಆದರೆ ಮೋಸವಲ್ಲ. ನಮ್ಮ ಕಡೆಯ ಮದುವೆಮನೆಗಳಲ್ಲಿ ಕಾಣುವ ‘ಒಂದು ಗ್ರಾಂ ಚಿನ್ನ’ದ ಸೊಬಗಿನಲ್ಲಿ ಮೋಹದೊಡನೆ ಮೋಸವೂ ಒಂದಷ್ಟು ಕಲೆತಿದೆ ಎಂದು ಹೇಳಿದರೆ ಯಾರೂ ಕೋಪಿಸಿಕೊಳ್ಳಬಾರದು.

ಅಹಿಂಸೆಯ ದೃಷ್ಟಿಯಿಂದ ನೋಡಿದರೆ ಕೃತಕ ಒಡವೆಯೇ ಮೇಲಲ್ಲವೆ ಎಂದು ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಸತ್ಯಾಂಶವಿದೆ. ಒಂದು ಒಳ್ಳೆಯ ಮುತ್ತಿಗಾಗಿ ಎಷ್ಟೋ ಸಿಂಪಿಗಳನ್ನು ಸೀಳಬೇಕು. ದಂತಕ್ಕಾಗಿ ಆನೆ ಸಾಯಬೇಕು. ಹಣಿಗೆ-ಬಳೆಗಳಿಗಾಗಿ ಕಡಲಾಮೆಯ ಚಿಪ್ಪನ್ನು ಕೀಳಬೇಕು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸೆಲ್ಯುಲಾಯಿಡ್ ಬಂದು ದಂತವನ್ನೂ ಆಮೆಚಿಪ್ಪನ್ನೂ ಅನುಕರಿಸಿತು, 1907ರಲ್ಲಿ ಬೇಕಲೈಟ್ ಬಂದಿತು. ಅವುಗಳಿಂದ ಎಷ್ಟು ಪ್ರಾಣಿಗಳು ಉಳಿದವೆಂದು ಎಣಿಸಿದವರಿಲ್ಲದಿದ್ದರೂ ಉಳಿದುದಂತೂ ನಿಜ. ಆದರೆ ಕೃತಕ ಮುತ್ತಿನ ಕಥೆಯನ್ನು ಕೇಳಿದ ಮೇಲೆ ಈ ಸಮಾಧಾನವು ಅರ್ಧಕ್ಕೆ ನಿಲ್ಲುತ್ತದೆ. 17ನೆಯ ಶತಮಾನದಲ್ಲಿ ಪ್ಯಾರಿಸಿನಲ್ಲಿ ಜಪಮಾಲೆಗಳನ್ನು ಮಾಡಿ ಬದುಕುತ್ತಿದ್ದ ಜಾಕೆಂ ಎಂಬ ಕಸಬುದಾರನು, ಹೊಳೆಯ ಒಂದು ಜಾತಿಯ ಸಣ್ಣ ಮೀನಿನ ಹುರುಪೆಗಳಿಂದ ಬೆಳ್ಳಿಯಂತಹ ಹೊಳಪಿನ ರಸವನ್ನು ತೆಗೆದು, ಅದನ್ನು ಟೊಳ್ಳಾದ ಗಾಜಿನ ಗುಂಡುಗಳ ಒಳಮೈಗೆ ಬಳಿದು, ಮೇಣವನ್ನು ತುಂಬಿ ಮುತ್ತುಗಳನ್ನು ಮಾಡಿದನು. ಸ್ವಲ್ಪ ರಸಕ್ಕೆ ಸಾವಿರಾರು ಮೀನುಗಳು ಬೇಕು. ಸಿಂಪಿಯ ಜೀವವನ್ನು ಉಳಿಸಿದ ಕೈಯೇ ಮೀನಿನ ಜೀವವನ್ನು ತೆಗೆಯಿತು. ಅದೂ ಜಪಮಾಲೆಯ ಕಸಬಿನವನಿಂದ! ಈಗ ಮೀನಿಲ್ಲದೆ ರಾಸಾಯನಿಕ ದ್ರವ್ಯಗಳಿಂದಲೂ ಅಂತಹ ಹೊಳಪನ್ನು ತರುತ್ತಾರಾದರೂ ಅಂಗಡಿಯಲ್ಲಿ ನಿಂತು ನೋಡುವ ಗೃಹಿಣಿಗೆ ಎರಡರ ಭೇದವು ತಿಳಿಯುವಂತಿಲ್ಲ. ‘ನಕಲಿ’ ಎಂಬ ಶಬ್ದವನ್ನೇ ‘ನಿರ್ದೋಷ’ ಎಂದು ಅರ್ಥಮಾಡಿಕೊಳ್ಳಲಾಗದು.

ಇನ್ನು ಪರಿಗ್ರಹದ ಪ್ರಶ್ನೆ. ಆ ತಾಯಿಯವರ ಅನುಭವವನ್ನು ಇಲ್ಲಿ ಹೇಳಬೇಕು.

ಎರಡು ಗಂಟೆಗಳ ಕಾಲ ಅವರು ಗಾಜಿನ ಕಪಾಟುಗಳ ನಡುವೆ ನಿಧಾನವಾಗಿ ನಡೆದರು. ಕಿರೀಟದಂತಹವು, ಕಂಠೀಹಾರದಂತಹವು, ಚಿಟ್ಟೆಯ ಆಕಾರದ ಪಿನ್ನುಗಳು, ಮೊಣಕೈವರೆಗೆ ಏರಿಸಬಹುದಾದಷ್ಟು ಬಳೆಗಳು, ಎಲ್ಲವನ್ನೂ ನೋಡಿದರು. ಮೆಚ್ಚಿದರು. ಮನಸ್ಸು ಎಲ್ಲಿಯೂ ಅಂಟಲಿಲ್ಲ. ನಮ್ಮ ಬಸದಿಗಳಲ್ಲಿ ಯಕ್ಷಿಯರ ವಿಗ್ರಹಗಳ ಮೇಲೆ ಶಿಲ್ಪಿಯು ಕಡೆದ ಕಲ್ಲಿನ ಹಾರ, ಕಡಗ, ಡಾಬುಗಳನ್ನು ಭಕ್ತರು ನೋಡುವುದೂ ಹೀಗೆಯೇ. ಎಂತಹ ಸೂಕ್ಷ್ಮ ಕೆಲಸವೆಂದು ಕೊಂಡಾಡಿ ಮುಂದಕ್ಕೆ ಹೋಗುತ್ತಾರೆ. ಕಲ್ಲಿನ ಹಾರವನ್ನು ಬಯಸಿದ ಹೆಣ್ಣು ಇದುವರೆಗೆ ಹುಟ್ಟಿಲ್ಲ, ಅದನ್ನು ಬಿಚ್ಚಿಕೊಳ್ಳಲಾಗದು.

ಹೊರಗೆ ಬರುವ ದಾರಿಯಲ್ಲಿ ಸಂಗ್ರಹಾಲಯದ ಮಾರಾಟದ ಕಟ್ಟೆಯಿತ್ತು. ಅಲ್ಲಿ ಹಸಿರು ಗಾಜಿನ ಒಂದು ಮಣಿಸರವು ತೂಗುತ್ತಿತ್ತು. ಒಳಗೆ ಅಂತಹ ಐವತ್ತು ಸರಗಳನ್ನು ನೋಡಿ ಬಂದವರೇ ಈ ಒಂದರ ಮುಂದೆ ನಿಂತುಬಿಟ್ಟರು. ಬೆಲೆಯು ನಮ್ಮ ಸಾವಿರ ರೂಪಾಯಿಗೂ ಕಡಿಮೆ. ಮಗಳು ನಕ್ಕು, “ಅವ್ವಾ, ನೀ ಹಿಡದ ನೇಮ ಬಂಗಾರದ್ದು. ಇದು ಗಾಜು. ತಗೋ” ಎಂದಳು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಾಜು ಖರೆ. ಒಳಗ ನೋಡುವಾಗ ಬೇಕನಿಸಲಿಲ್ಲ. ಇಲ್ಲಿ ಯಾಕ ಬೇಕನಿಸ್ತು?” ಎಂದರು.

ಈ ಪ್ರಶ್ನೆಯಲ್ಲಿಯೇ ವಿಷಯದ ತಿರುಳು ಇದೆ. ಒಳಗಿದ್ದುದೂ ಗಾಜು, ಹೊರಗಿದ್ದುದೂ ಗಾಜು. ಹೊಳಪು ಅದೇ, ಬಣ್ಣ ಅದೇ. ಬದಲಾದುದು ಒಂದೇ: ಒಳಗಿನದು ತನ್ನದಾಗುವಂತಿರಲಿಲ್ಲ, ಹೊರಗಿನದು ತನ್ನದಾಗಬಹುದಾಗಿತ್ತು. ಉಮಾಸ್ವಾಮಿ ಆಚಾರ್ಯರು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಇಡದೆ ಮೂರ್ಛೆಯಲ್ಲಿ, ಎಂದರೆ ‘ಇದು ನನ್ನದು’ ಎಂದು ಮನಸ್ಸು ಮೈಮರೆಯುವುದರಲ್ಲಿ ಇಟ್ಟಿರುವುದು ಎಲ್ಲರಿಗೂ ತಿಳಿದೇ ಇದೆ. ಪಾಠಶಾಲೆಯ ಮಕ್ಕಳೂ ಅದನ್ನು ಒಪ್ಪಿಸುತ್ತಾರೆ. ಆದರೆ ಒಪ್ಪಿಸುವುದು ಬೇರೆ, ಮಾರಾಟದ ಕಟ್ಟೆಯ ಮುಂದೆ ಅದನ್ನು ತನ್ನೊಳಗೆ ಹಿಡಿದು ನೋಡುವುದು ಬೇರೆ. ಲೋಹಕ್ಕೆ ಒರೆಗಲ್ಲಿದೆ; ಮೂರ್ಛೆಗೆ ಒರೆಗಲ್ಲಿಲ್ಲ. ಅದರಲ್ಲಿ ನಕಲಿಯೆಂಬುದೇ ಇಲ್ಲ. ಗಾಜಿನ ಮೇಲೆ ಹುಟ್ಟಿದ ಆಸೆಯೂ ಅಪ್ಪಟ ಆಸೆಯೇ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ. ಅಮೆರಿಕದ ಅಧ್ಯಕ್ಷ ಕೆನಡಿಯವರ ಪತ್ನಿ ಜ್ಯಾಕ್ವೆಲಿನ್ ಧರಿಸುತ್ತಿದ್ದ ಮೂರೆಳೆಯ ಮುತ್ತಿನ ಸರವು ಕೃತಕವಾದುದು, ಗಾಜಿನ ಮುತ್ತುಗಳದು. ಅವರ ಮರಣಾನಂತರ 1996ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ಹರಾಜಿಗಿಟ್ಟಾಗ ಹೆಚ್ಚೆಂದರೆ 700 ಡಾಲರು ಬಂದೀತೆಂದು ಅಂದಾಜು ಮಾಡಿದ್ದರು. ಹೋದದ್ದು 2,11,500 ಡಾಲರಿಗೆ. ಅಸಲಿ ಮುತ್ತಿಗೂ ಬಾರದ ಬೆಲೆ ಗಾಜಿಗೆ ಬಂದಿತು. ಕೊಂಡವರಿಗೆ ಅದು ಗಾಜೆಂದು ಗೊತ್ತಿತ್ತು. ಗೊತ್ತಿದ್ದೂ ಕೊಂಡರು. ಮುತ್ತಿನಲ್ಲಿ ಬೆಲೆಯಿದ್ದಿದ್ದರೆ ಗಾಜು ಗಾಜಿನ ಬೆಲೆಗೇ ಹೋಗಬೇಕಾಗಿತ್ತಲ್ಲವೆ?

ಎದುರು ವಾದವನ್ನೂ ನ್ಯಾಯವಾಗಿ ಕೇಳಬೇಕು. ಪರಿಗ್ರಹವು ಭಯದ ತವರು. 12 ತೊಲೆ ಬಂಗಾರವನ್ನು ಮೈಮೇಲೆ ಹಾಕಿಕೊಂಡು ಬಸ್ಸಿನಲ್ಲಿ ಕುಳಿತವಳಿಗೆ ನಿದ್ರೆಯಿಲ್ಲ. ಗಿಲೀಟಿನ ಸರದವಳು ಕಿಟಕಿಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಾಳೆ. ಬಡ ತಂದೆಯು ಮಗಳ ಮದುವೆಗೆ ಸಾಲ ಮಾಡುವುದಕ್ಕಿಂತ ಕೃತಕ ಒಡವೆಯನ್ನು ತೊಡಿಸಿ ಧಾರೆಯೆರೆಯುವುದು ಮೇಲಲ್ಲವೆ? ಮೇಲೇ ಸರಿ. ಈ ಮಾತನ್ನು ಅಲ್ಲಗಳೆಯುವವರು ಸಾಲದ ಬಡ್ಡಿಯನ್ನು ಕಟ್ಟಿದವರಲ್ಲ. ಆದರೆ ಬಂಗಾರದ ಬೆಲೆಯೇ ಒಂದು ಬಗೆಯ ಕಟ್ಟುಪಾಡಾಗಿದೆ ಎಂಬುದನ್ನು ಮರೆಯಬಾರದು. ವ್ರತವಿಲ್ಲದವನೂ ಹಣವಿಲ್ಲದಿದ್ದರೆ ಬಂಗಾರದ ಅಂಗಡಿಯ ಮುಂದೆ ನಿಂತು ಹಿಂದಿರುಗುತ್ತಾನೆ. 1963ರಲ್ಲಿ ಸರಕಾರವು 14 ಕ್ಯಾರಟ್ಟಿಗಿಂತ ಮೇಲಿನ ಒಡವೆಗಳನ್ನು ಮಾಡಬಾರದೆಂದು ನಿಯಮಿಸಿದಾಗ, 1968ರ ಕಾಯಿದೆಯು ಜಾರಿಯಲ್ಲಿದ್ದು 1990ರಲ್ಲಿ ರದ್ದಾಗುವವರೆಗೂ, ರಾಜಶಾಸನವೂ ಒಂದು ತಡೆಯಾಗಿತ್ತು. ಗಾಜಿಗೆ ಬೆಲೆಯ ತಡೆಯಿಲ್ಲ, ಶಾಸನದ ತಡೆಯಿಲ್ಲ. ಕಳೆದರೆ ಮತ್ತೊಂದು, ಬಣ್ಣ ಮಾಸಿದರೆ ಇನ್ನೊಂದು, ಸೀರೆಗೊಂದು. ಅಲ್ಲಿ ತಡೆಯೆಂಬುದೇನಾದರೂ ಇರುವುದಾದರೆ ಅದು ವ್ರತವೊಂದೇ.

ಅಷ್ಟೇ ಅಲ್ಲ. ಒಮ್ಮೆ ಅನುಭವಿಸಿ ಬಿಡುವ ಅನ್ನ, ಹೂವು, ಗಂಧ ಮುಂತಾದವು ಭೋಗವೆಂದೂ, ಮತ್ತೆಮತ್ತೆ ಬಳಸುವ ವಸ್ತ್ರಾಭರಣಗಳು ಉಪಭೋಗವೆಂದೂ ಸಮಂತಭದ್ರಾಚಾರ್ಯರೇ ಮೊದಲಾದವರು ವಿಂಗಡಿಸಿದ್ದಾರೆ. ಅಜ್ಜಿಯ ಟೀಕಿಯು ಮೊಮ್ಮಗಳ ಕೊರಳಿಗೆ ಬರುತ್ತಿದ್ದ ಕಾಲಕ್ಕೆ ಈ ವಿಂಗಡಣೆಯು ಸರಿಯಾಗಿ ಹೊಂದುತ್ತಿತ್ತು. ಒಂದು ಋತುವಿನ ಉಡುಪಿಗೆ ಹೊಂದುವಂತೆ ಮಾಡಿದ, ಉಡುಪಿನೊಡನೆ ಬಿಸಾಡುವ ಒಡವೆಯು ಹೆಸರಿಗೆ ಉಪಭೋಗ, ನಡೆಯಲ್ಲಿ ಮುಡಿದು ಎಸೆವ ಹೂವಿನಂತೆ ಭೋಗ. ಹೂವಾದರೂ ಮಣ್ಣಾಗುತ್ತದೆ. ಭೋಗೋಪಭೋಗಪರಿಮಾಣವನ್ನು ಹಿಡಿದವರು ಈ ಕೃತಕ ಒಡವೆಗಳನ್ನು ಎರಡರಲ್ಲಿ ಎಲ್ಲಿ ಸೇರಿಸುವರೋ, ಯೋಚಿಸತಕ್ಕ ಮಾತು. ಎರಡರಲ್ಲಿಯೂ ಸೇರಿಸದೆ ಬಿಡುವುದಂತೂ ಸರಿಯಲ್ಲ. ‘ಬಂಗಾರ’ ಎಂಬ ಹೆಸರಿನ ಅಡಿಯಲ್ಲಿ ಅವು ಬಾರದಿದ್ದರೆ ‘ಕುಪ್ಯ’ ಎಂಬ ಹೆಸರು ಇದ್ದೇ ಇದೆ. ಪೂರ್ವಾಚಾರ್ಯರು ಬೆಳ್ಳಿಬಂಗಾರಗಳನ್ನು ಎಣಿಸಿ ಅಲ್ಲಿಗೇ ನಿಲ್ಲಿಸಲಿಲ್ಲ.

ತ್ಯಾಗವೇ ಒಡವೆಯಾಗುವ ಅಪಾಯವೂ ಉಂಟು. 1813ರಲ್ಲಿ ನೆಪೋಲಿಯನ್ನನ ವಿರುದ್ಧ ಯುದ್ಧವು ನಡೆಯುವಾಗ ಪ್ರಷ್ಯಾ ದೇಶದ ಸ್ತ್ರೀಯರು ತಮ್ಮ ಬಂಗಾರದ ಒಡವೆಗಳನ್ನು ದೇಶಕ್ಕೆ ಅರ್ಪಿಸಿದರು. ಅದಕ್ಕೆ ಪ್ರತಿಯಾಗಿ ಅವರಿಗೆ ಕಬ್ಬಿಣದ ಉಂಗುರಗಳು ದೊರೆತವು. ಬಹು ದೊಡ್ಡ ದಾನವದು. ಆದರೆ ಮುಂದೆ ಬಂಗಾರವನ್ನು ಧರಿಸುವುದೇ ನಾಚಿಕೆಯೆನಿಸಿ, ಕಬ್ಬಿಣವನ್ನು ಧರಿಸುವುದೇ ಹೆಮ್ಮೆಯಾಯಿತು. ಬರ್ಲಿನ್ನಿನ ಎರಕದ ಕೆಲಸಗಾರರು ಕಬ್ಬಿಣವನ್ನು ಜರಿಯಂತೆ ನವುರಾಗಿ ಎರೆದು ಸರ, ಓಲೆ, ಕಡಗಗಳನ್ನು ಮಾಡಿದರು. ಅವನ್ನು ಈಗ ಸಂಗ್ರಹಾಲಯಗಳಲ್ಲಿ ಇಟ್ಟು ಕಾಯುತ್ತಾರೆ. ಕೊಟ್ಟದ್ದು ಬಂಗಾರ, ಉಳಿದದ್ದು ‘ನಾನು ಕೊಟ್ಟೆ’ ಎಂಬ ಕಬ್ಬಿಣ. ಉಪವಾಸದ ಪಾರಣೆಯ ದಿನ ನಡೆಯುವ ಮೆರವಣಿಗೆಗಳನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಯಾಬ್ಲೊನೆಟ್ಸಿನವರ ಗತಿ ಇದಕ್ಕೆ ವಿಪರೀತ. 1945ರಲ್ಲಿ ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಅಲ್ಲಿನ ಜರ್ಮನ್ ಭಾಷಿಕರನ್ನು ದೇಶದಿಂದ ಹೊರದೂಡಲಾಯಿತು. ಕೈಗೆ ಎತ್ತಿಕೊಳ್ಳುವಷ್ಟು ಗಂಟು ಮಾತ್ರ ಅವರ ಪಾಲಿಗೆ ಉಳಿಯಿತು. ಮನೆ, ಕುಲುಮೆ, ಅಂಗಡಿ ಎಲ್ಲವೂ ಹೋದವು. ಅವರಲ್ಲಿ ಅನೇಕರು ಬವೇರಿಯಾ ಪ್ರಾಂತದ ಕೌಫ್‌ಬಾಯ್ರೆನ್ ಬಳಿ, ಹಾಳಾಗಿ ಬಿದ್ದಿದ್ದ ಮದ್ದಿನ ಕಾರ್ಖಾನೆಯ ನೆಲದಲ್ಲಿ ನೆಲಸಿ, ಮತ್ತೆ ಗಾಜಿನ ಮಣಿಗಳನ್ನೇ ಮಾಡಿ ಬದುಕಿದರು. ಆ ಹೊಸ ಊರಿಗೆ ಹಳೆಯ ಊರಿನ ಹೆಸರನ್ನೇ ಸೇರಿಸಿ ನೋಯ್‌ಗಾಬ್ಲೊಂಟ್ಸ್ ಎಂದು ಕರೆದರು. ಬಲವಂತದಿಂದ ಕಳೆದುಕೊಂಡುದು ತ್ಯಾಗವಾಗುವುದಿಲ್ಲ. ಅದನ್ನು ಸಹಿಸಿದುದಕ್ಕೆ ಅಕಾಮನಿರ್ಜರೆಯ ಫಲವು ಮಾತ್ರ ಉಂಟೆಂದು ಶಾಸ್ತ್ರವು ಹೇಳುತ್ತದೆ. ವ್ರತಿಯು ಅದೇ ಕೆಲಸವನ್ನು ಯಾರೂ ದೂಡದೆ, ತುಂಬಿದ ಮನೆಯೊಳಗೆ ಕುಳಿತು, ತಾನೇ ಮಾಡಬೇಕು. ಅದು ಎಷ್ಟು ಕಷ್ಟವೆಂಬುದು ಹಸಿರು ಮಣಿಸರದ ಮುಂದೆ ನಿಂತಾಗಲೇ ತಿಳಿಯುವುದು.

ಆ ತಾಯಿಯವರು ಸರವನ್ನು ಕೊಳ್ಳದೆ ಬಂದರು. ಇದರಲ್ಲಿ ದೊಡ್ಡ ಮಾತೇನೂ ಇಲ್ಲ. ಕೊಂಡಿದ್ದರೂ ಅವರ ನೇಮದ ಅಕ್ಷರಕ್ಕೆ ಭಂಗವಾಗುತ್ತಿರಲಿಲ್ಲ. ಊರಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ಅವರು ಕಬ್ಬಿಣದ ಟ್ರಂಕನ್ನು ತೆಗೆದು, ಲೆಕ್ಕಕ್ಕೆ ಬಾರವೆಂದು ಇದುವರೆಗೆ ಎಣಿಸದೆ ಬಿಟ್ಟಿದ್ದ ಗಿಲೀಟಿನ ಸರ, ಮಣಿಯ ಹಾರ, ಕಲ್ಲಿನ ಓಲೆ, ಪ್ಲಾಸ್ಟಿಕ್ ಬಳೆಗಳನ್ನೆಲ್ಲ ಚಾಪೆಯ ಮೇಲೆ ಸುರಿದರು. ಹಿರಿಯ ಮಗಳು ನೋಟುಪುಸ್ತಕವನ್ನು ಹಿಡಿದು ಬರೆದಳು. 43 ಒಡವೆಗಳಾದವು. ಅವುಗಳಲ್ಲಿ ಐದನ್ನು ಇಟ್ಟುಕೊಳ್ಳುವುದೆಂದು ನಿಶ್ಚಯಿಸಿ, ಮುಂದಿನ ಚಾತುರ್ಮಾಸದಲ್ಲಿ ಇದನ್ನೂ ಗುರುಗಳ ಮುಂದೆ ಹೇಳಿ ನೇಮದಲ್ಲಿ ಸೇರಿಸಬೇಕೆಂದುಕೊಂಡರು. “ಕೈಯಾಗಿನ ಹಸರ ಬಳಿ ಬರೀಲ್ಯೋ, ಬ್ಯಾಡೋ?” ಎಂದು ಮಗಳು ಕೇಳಿದಳು. ಅವು ಮುತ್ತೈದೆತನದ ಬಳೆಗಳು, ಒಡವೆಯೆಂದು ಯಾರೂ ಕರೆಯುವುದಿಲ್ಲ. ತಾಯಿಯವರು ಬಹಳ ಹೊತ್ತು ಯೋಚಿಸಿ, ಬರೆ ಎಂದರು. ಒಡೆಯುವ ವಸ್ತುವಾದ್ದರಿಂದ ಮಗಳು ಅವನ್ನು ಪಟ್ಟಿಯ ಕೊನೆಯಲ್ಲಿ ಪೆನ್ಸಿಲಿನಿಂದ ಬರೆದಳು.